ನಾಟಕದ ಹುಡುಗಿಗೆ ಟೈಟ್ರೇಶನ್ ಯಾಕೆ?

ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಡಿಗ್ರಿ ಬೇಕಾದರೆ ಈಜು ಬರಬೇಕು. ಪ್ಲೇಟೋ ಓದಿರಬೇಕು, ವಿಜ್ಞಾನ ಓದಿರಬೇಕು, ಒಂದು ಪರಭಾಷೆ ಕಲಿತಿರಬೇಕು. ಇದೆಲ್ಲದರ ಜೊತೆಗೆ ಕೊಳಕ್ಕಿಳಿದು 75 ಗಜ ಈಜಿ ತೋರಿಸಬೇಕು, ಆಗದಿದ್ದರೆ ಒಂದು ಸೆಮಿಸ್ಟರ್ ಈಜು ಕ್ಲಾಸಿಗೆ ಸೇರಬೇಕು. ಬಹಳ ಕಾಲದಿಂದ ಬಂದ ನಿಯಮ. ಅದೇ ಆವರಣದ ಎಂಜಿನಿಯರಿಂಗ್ ಹುಡುಗರಿಗೆ ಮಾತ್ರ ಇದು ಇಲ್ಲ. ಮ್ಯಾನ್‌ಹಟನ್ ಮುಳುಗಿದರೆ ಅವರು ದೋಣಿ ಕಟ್ಟಿಕೊಂಡು ಹೋಗುತ್ತಾರೆ, ಮಿಕ್ಕವರು ಈಜಲೇಬೇಕಲ್ಲ ಅನ್ನುವುದು ಅಲ್ಲಿನ ಹಳೇ ಜೋಕು.

ಈ ಜೋಕು ಹೇಳಿದಾಗ ನಮ್ಮ ಕಡೆಯಿಂದ ಬಂದ ತಂದೆತಾಯಂದಿರೂ ನಗುತ್ತಾರೆ. ಅವರ ಮಗನೋ ಮಗಳೋ ತರಗತಿಗಳ ಪಟ್ಟಿ ಕಳಿಸಿದ ದಿನ ಆ ನಗು ಇರುವುದಿಲ್ಲ.

ನಾನು ಪಾಠ ಮಾಡುವುದು ಅಮೆರಿಕದ ಮಿಡ್‌ವೆಸ್ಟಿನ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ. ಸುತ್ತ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ನಡುವೆ ಇಟ್ಟಿಗೆಯ ಕಟ್ಟಡಗಳು. ನನ್ನದು ಕೆಮಿಸ್ಟ್ರಿ. ಆರ್ಟ್ಸ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರಿಗೆ ಏನು ಕೆಲಸ ಅಂತ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ಇಂಥ ಕಾಲೇಜಿನಲ್ಲಿ ಭೌತಶಾಸ್ತ್ರದಿಂದ ಹಿಡಿದು ನೃತ್ಯದವರೆಗೆ ಎಲ್ಲವೂ ಇರುತ್ತದೆ. ಇಂಥದ್ದನ್ನೇ ಓದುತ್ತೇನೆ ಅಂತ ಬರೆದುಕೊಟ್ಟು ಒಳಗೆ ಬರಬೇಕಾಗಿಲ್ಲ. ಎರಡನೇ ವರ್ಷದ ಕೊನೆಯ ಹೊತ್ತಿಗೆ ಒಂದು ಮೇಜರ್, ಅಂದರೆ ಮುಖ್ಯ ವಿಷಯ, ಆರಿಸಿಕೊಂಡರೆ ಸಾಕು. ನಾಲ್ಕು ವರ್ಷಕ್ಕೆ ಒಟ್ಟು 32 ಕೋರ್ಸು, ಸೆಮಿಸ್ಟರಿಗೆ ನಾಲ್ಕು. ಅದರಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು ಮೇಜರಿಗೆ. ಇನ್ನೊಂದು ಪಾಲು 'ಜನರಲ್ ಎಜುಕೇಶನ್' ಅನ್ನುವ ಕಡ್ಡಾಯಕ್ಕೆ. ಎಲ್ಲರ ಬಾಯಲ್ಲೂ ಅದು ಜೆನ್-ಎಡ್. ಮಿಕ್ಕಿದ್ದು ಇಷ್ಟ ಬಂದದ್ದಕ್ಕೆ.

ಈ ಜೆನ್-ಎಡ್ ಪಟ್ಟಿ ಕಾಲೇಜಿನಿಂದ ಕಾಲೇಜಿಗೆ ಬೇರೆಯಾದರೂ ಮುಖಚಹರೆ ಒಂದೇ. ಬರವಣಿಗೆಯ ಕೋರ್ಸು, ಲ್ಯಾಬ್ ಇರುವ ವಿಜ್ಞಾನ, ಲೆಕ್ಕಾಚಾರ, ಪರಭಾಷೆ, ಕೈಯಾರೆ ಮಾಡುವ ಕಲೆ, ಇತಿಹಾಸ ಅಥವಾ ತತ್ತ್ವಶಾಸ್ತ್ರ, ಸಮಾಜವಿಜ್ಞಾನ, ಅಮೆರಿಕದ ಆಚೆಗಿನ ಜಗತ್ತು. ಕಂಪ್ಯೂಟರಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಪುಟ ಇರುತ್ತದೆ. ಮುಗಿಸಿದ್ದಕ್ಕೆ ಹಸಿರು ಟಿಕ್, ಮುಗಿಸದ್ದಕ್ಕೆ ಕೆಂಪು. ಹುಡುಗರ ಜಾಣತನವೆಲ್ಲ ಒಂದೇ ಕೋರ್ಸಿನಲ್ಲಿ ಎರಡು ಟಿಕ್ ಗಿಟ್ಟಿಸುವುದರಲ್ಲಿದೆ. ಸ್ಪ್ಯಾನಿಷ್ ಸಿನಿಮಾದ ಮೇಲಿನ ಕೋರ್ಸು ಕಲೆಗೂ ಆಯಿತು, ಆಚೆಗಿನ ಜಗತ್ತಿಗೂ ಆಯಿತು. ಸಲಹೆಗಾರನಾಗಿ ಅವರ ಪಕ್ಕ ಕೂತು ಈ ಲೆಕ್ಕ ಹಾಕಿಕೊಡುವುದೂ ನನ್ನ ಕೆಲಸವೇ.

ಹೋದ ಶರತ್ಕಾಲದಲ್ಲಿ ಪೋಷಕರು ಬಂದು ಹೋಗುವ ವಾರಾಂತ್ಯದಂದು ದಾವಣಗೆರೆ ಕಡೆಯ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. 'ನೀವು ಕನ್ನಡದೋರು ಅಂತ ಮಗಳು ಹೇಳಿದ್ಲು ಸಾರ್, ಅದಕ್ಕೇ ಬಂದೆ.' ದಾರಿಯುದ್ದಕ್ಕೂ ಕಂಡ ಮೆಕ್ಕೆಜೋಳದ ಬಗ್ಗೆ ಮೊದಲು ಮಾತಾಯಿತು. ನಮ್ಮಲ್ಲಿ ಇಷ್ಟು ಒತ್ತಾಗಿ ಹಾಕಲ್ಲ ಅಂದರು. ಆಮೇಲೆ ವಿಷಯಕ್ಕೆ ಬಂದರು.

'ಕಂಪ್ಯೂಟರ್ ಸೈನ್ಸ್‌ಗೆ ಅಂತ ಕಳಿಸಿದ್ದು ಸಾರ್. ಈ ಸೆಮಿಸ್ಟರಲ್ಲಿ ನೋಡಿದ್ರೆ ಕಂಪ್ಯೂಟರ್ದು ಒಂದೇ ಒಂದು. ಇನ್ನುಳಿದಿದ್ದು ಸ್ಪ್ಯಾನಿಷು, ಯಾವುದೋ ಮಧ್ಯಯುಗದ ಯುರೋಪು, ಆಮೇಲೆ ಸೆರಾಮಿಕ್ಸು. ಮಡಕೆ ಮಾಡೋದ್ ಕಲಿಯಕ್ಕೆ ಅಮೆರಿಕಕ್ಕೆ ಬರಬೇಕಿತ್ತಾ?'

ಅವರ ಪ್ರಶ್ನೆಯನ್ನು ತಮಾಷೆಗೆ ತಳ್ಳಿಬಿಡುವ ಹಾಗಿಲ್ಲ. ಊಟ, ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟಿಸುವ ಖಾಸಗಿ ಕಾಲೇಜುಗಳು ಇಲ್ಲಿ ಬೇಕಾದಷ್ಟಿವೆ. ಅಚ್ಚಾದ ಈ ದರವನ್ನು ಬಹಳ ಜನ ಪೂರ್ತಿ ಕೊಡುವುದಿಲ್ಲ, ಸ್ಕಾಲರ್‌ಶಿಪ್ಪಿನಲ್ಲಿ ಒಂದಷ್ಟು ಕಳೆಯುತ್ತದೆ. ಹಾಗಿದ್ದರೂ ವರ್ಷಕ್ಕೆ ಎಂಟು ಕೋರ್ಸಿನ ಲೆಕ್ಕದಲ್ಲಿ ಪೂರ್ತಿ ಕೊಡುವ ಅಪ್ಪನ ಪಾಲಿಗೆ ಅದು ಹತ್ತು ಸಾವಿರ ಡಾಲರಿನ ಮಡಕೆ. ಕಾಲೇಜಿನ ಬ್ರೋಷರಿನಲ್ಲಿ ಇದಕ್ಕೆ ಉತ್ತರ ಇದೆ: ಸಮಗ್ರ ವ್ಯಕ್ತಿತ್ವ, ಜವಾಬ್ದಾರಿಯುತ ಪ್ರಜೆ, ಬದಲಾಗುವ ಜಗತ್ತಿಗೆ ಹೊಂದಿಕೊಳ್ಳುವ ಶಕ್ತಿ. ಎದುರಿಗೆ ಕೂತ ಮನುಷ್ಯ ಜಮೀನಿನ ಮೇಲೆ ಸಾಲ ಮಾಡಿದ್ದಾನೋ ಏನೋ ಅನ್ನುವ ಅನುಮಾನ ಇರುವಾಗ ಈ ಮಾತುಗಳು ಬಾಯಿಗೆ ಬರುವುದಿಲ್ಲ. ಕಾಫಿ ತಂದುಕೊಟ್ಟು ಬೇರೆ ಕಡೆಯಿಂದ ಶುರುಮಾಡಿದೆ. ಅವತ್ತು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ಎಲ್ಲರೂ ಏನನ್ನು ಓದಲೇಬೇಕು ಅನ್ನುವುದು ಇಲ್ಲಿ ಇನ್ನೂರು ವರ್ಷದ ಜಗಳ. 1828ರಲ್ಲಿ ಯೇಲ್ ಕಾಲೇಜಿನವರು ಒಂದು ವರದಿ ಹೊರಡಿಸಿದರು. ಗ್ರೀಕ್, ಲ್ಯಾಟಿನ್ ಸತ್ತ ಭಾಷೆಗಳು, ಈ ಕಾಲಕ್ಕೆ ಯಾಕೆ ಎಂದು ಕೇಳಿದವರಿಗೆ, ಬೇಕೇ ಬೇಕು ಎಂದು ಸಾರಿದ ವರದಿ. ಮನಸ್ಸನ್ನು ಪಳಗಿಸುವುದು ಒಂದು, ಅದರೊಳಗೆ ಸಾಮಾನು ಜೋಡಿಸುವುದು ಇನ್ನೊಂದು, ಎರಡರಲ್ಲಿ ಪಳಗಿಸುವುದೇ ದೊಡ್ಡದು ಅನ್ನುವುದು ಅವರ ವಾದ. 1869ರಲ್ಲಿ ಹಾರ್ವರ್ಡಿನ ಅಧ್ಯಕ್ಷನಾಗಿ ಬಂದ ಚಾರ್ಲ್ಸ್ ಎಲಿಯಟ್ ಇದನ್ನು ಬುಡಮೇಲು ಮಾಡಿದ. ಮೂಲತಃ ಕೆಮಿಸ್ಟ್ರಿ ಮೇಷ್ಟ್ರಾದ್ದರಿಂದ ಅವನ ಮೇಲೆ ನನಗೊಂದು ಮಮಕಾರ. ನಲವತ್ತು ವರ್ಷ ಆ ಕುರ್ಚಿಯಲ್ಲಿ ಕೂತು ಕಡ್ಡಾಯಗಳನ್ನು ಒಂದೊಂದಾಗಿ ಕಿತ್ತುಹಾಕಿದ. ಶತಮಾನದ ಕೊನೆಗೆ ಮೊದಲ ವರ್ಷದ ಇಂಗ್ಲಿಷ್ ಬರವಣಿಗೆ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲವೂ ಹುಡುಗರ ಇಷ್ಟಕ್ಕೆ ಬಂತು. ಬಂದದ್ದೇ ತಡ, ಬಹಳ ಮಂದಿ ಶುರುವಿನ ಸುಲಭದ ಕೋರ್ಸುಗಳನ್ನೇ ಹೆಕ್ಕಿಕೊಂಡು ದಾಟಿಬಿಟ್ಟರು. 1909ರಲ್ಲಿ ಅವನ ಜಾಗಕ್ಕೆ ಬಂದ ಲೊವೆಲ್ ಮಧ್ಯದ ದಾರಿ ತೆಗೆದ: ಒಂದರಲ್ಲಿ ಆಳಕ್ಕಿಳಿ, ಮಿಕ್ಕವುಗಳಲ್ಲಿ ಅಲ್ಲಲ್ಲಿ ಕಾಲಿಡು. ನಮ್ಮ ಕಾಲೇಜಿನ ಹಸಿರು-ಕೆಂಪು ಟಿಕ್ಕುಗಳ ವಂಶವೃಕ್ಷ ಹಿಡಿದು ಹೋದರೆ ಸಿಗುವ ಮುತ್ತಜ್ಜ ಅವನೇ.

ಕೊಲಂಬಿಯಾದ ದಾರಿ ಬೇರೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಸೈನ್ಯಕ್ಕೆ ತಯಾರಾಗುತ್ತಿದ್ದ ಹುಡುಗರಿಗೆ, ಈ ಯುದ್ಧ ಯಾತಕ್ಕೆ ಎಂದು ತಿಳಿಸುವ ಒಂದು ಕೋರ್ಸು ಅಲ್ಲಿತ್ತು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಅದರ ಜಾಗದಲ್ಲಿ ನಾಗರಿಕತೆಯ ಬಗ್ಗೆ ಎಲ್ಲರಿಗೂ ಕಡ್ಡಾಯವಾದ ಕೋರ್ಸು ಹುಟ್ಟಿತು. ಅದು ಇವತ್ತಿಗೂ ನಡೆಯುತ್ತಿದೆ. ಇನ್ನೊಂದು ಮಹಾಯುದ್ಧ ಮುಗಿಯುತ್ತಿದ್ದ 1945ರಲ್ಲಿ, ಸ್ವತಂತ್ರ ಸಮಾಜಕ್ಕೆ ಎಂಥ ಸಾಮಾನ್ಯ ಶಿಕ್ಷಣ ಬೇಕು ಅನ್ನುವ ಬಗ್ಗೆ ಹಾರ್ವರ್ಡ್ ಒಂದು ದಪ್ಪ ವರದಿ ತಂದಿತು. ಯುದ್ಧ ಬಂದಾಗಲೆಲ್ಲ ಇವರಿಗೆ ಪಠ್ಯಕ್ರಮ ನೆನಪಾಗುವುದು ಕಾಕತಾಳೀಯ ಇರಲಾರದು. ಸಾಯಲು ಕಳಿಸಬೇಕಾದ ಹುಡುಗರಿಗೆ ಏನನ್ನು ಕಾಯುತ್ತಿದ್ದೀರಿ ಎಂದಾದರೂ ಹೇಳಬೇಕಲ್ಲ.

ಆಮೇಲೆ 1969. ಬ್ರೌನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ನೂರಾರು ಪುಟದ ವರದಿ ಬರೆದು, ಚಳವಳಿ ಮಾಡಿ, ಇಂಥ ಪಟ್ಟಿಯನ್ನೇ ತೆಗೆಸಿಹಾಕಿದರು. ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಕಾಲೇಜಿನಲ್ಲೂ ಈಗ ಅಂಥ ಪಟ್ಟಿಯಿಲ್ಲ. ಅಯೋವಾದ ಗ್ರಿನೆಲ್ಲಿನಲ್ಲಿ ಎಲ್ಲರಿಗೂ ಕಡ್ಡಾಯ ಅಂತ ಇರುವುದು ಮೊದಲ ಸೆಮಿಸ್ಟರಿನಲ್ಲಿ ಸಣ್ಣ ಗುಂಪಿಗೆ ನಡೆಯುವ ಒಂದು ಟ್ಯುಟೋರಿಯಲ್ ಮಾತ್ರ. ಇದಕ್ಕೆ ತದ್ವಿರುದ್ಧ ಅನಾಪೊಲಿಸ್‌ನ ಸೇಂಟ್ ಜಾನ್ಸ್ ಕಾಲೇಜು. 1937ರಿಂದ ಅಲ್ಲಿ ಮೇಜರ್ ಅನ್ನುವುದೇ ಇಲ್ಲ. ನಾಲ್ಕೂ ವರ್ಷ ಎಲ್ಲರೂ ಹೆಚ್ಚುಕಮ್ಮಿ ಅವವೇ ಪುಸ್ತಕ ಓದುತ್ತಾರೆ, ಗ್ರೀಕ್ ಕಲಿಯುತ್ತಾರೆ, ಯೂಕ್ಲಿಡ್‌ನ ಪ್ರಮೇಯವನ್ನು ಬೋರ್ಡಿನ ಮುಂದೆ ನಿಂತು ಸಾಧಿಸಿ ತೋರಿಸುತ್ತಾರೆ.

ಒಂದು ಕಡೆ ಎಲ್ಲವೂ ಕಡ್ಡಾಯ, ಇನ್ನೊಂದು ಕಡೆ ಏನೂ ಕಡ್ಡಾಯವಿಲ್ಲ. ಎರಡೂ ಕಡೆಯಿಂದ ಬಂದವರ ಜೊತೆ ನಾನು ಕೆಲಸ ಮಾಡಿದ್ದೇನೆ. ಇವರು ಅಲ್ಲಿಯವರು, ಅವರು ಇಲ್ಲಿಯವರು ಅಂತ ಮಾತಿನಿಂದ ಹೇಳಲು ನನಗಂತೂ ಆಗಿಲ್ಲ. ಅವರು ಓದಿದ ಕೋಣೆಗಳು ಮಾತ್ರ ಒಂದೇ ಥರ: ಒಂದು ಮೇಜು, ಸುತ್ತ ಹದಿನೈದಿಪ್ಪತ್ತು ಕುರ್ಚಿ, ನೀನು ಬರೆದದ್ದನ್ನು ಪೂರ್ತಿ ಓದಿ ಅಂಚಿನಲ್ಲಿ ತಕರಾರು ಗೀಚುವ ಒಬ್ಬ ಮನುಷ್ಯ. ಪಟ್ಟಿಯ ಮೇಲೆ ನಡೆಯುವ ಜಗಳದ ಅರ್ಧದಷ್ಟು ಬಿಸಿಯಾದರೂ ಈ ಕುರ್ಚಿಗಳ ಸಂಖ್ಯೆಯ ಮೇಲೆ ಇದ್ದಿದ್ದರೆ ಅಂತ ನನಗೆ ಅನ್ನಿಸುತ್ತದೆ.

ಆದರೆ ಜಗಳ ನಡೆಯುವುದು ಪಟ್ಟಿಯ ಮೇಲೆಯೇ, ಅದಕ್ಕೆ ಕಾರಣವೂ ಇದೆ. ನಮ್ಮ ಪಠ್ಯಕ್ರಮ ಸಮಿತಿಯಲ್ಲಿ ಕೆಲವು ವರ್ಷ ಕೂತಿದ್ದೇನೆ. ಅಲ್ಲಿ ನಡೆಯುವುದನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ: ಸಚಿವ ಸಂಪುಟ ವಿಸ್ತರಣೆ. ಇತಿಹಾಸದವರಿಗೆ ಒಂದು ಕೊಟ್ಟರೆ ತತ್ತ್ವಶಾಸ್ತ್ರದವರಿಗೂ ಒಂದು ಕೊಡಬೇಕು. ಸಂಗೀತಕ್ಕೆ ಪ್ರಾತಿನಿಧ್ಯ ಸಿಗಲಿಲ್ಲ ಅನ್ನುವ ಕೂಗು. ಜರ್ಮನ್ ವಿಭಾಗದಲ್ಲಿ ಉಳಿದಿರುವುದೇ ಇಬ್ಬರು, ಭಾಷೆಯ ಕಡ್ಡಾಯ ಮೂರು ಸೆಮಿಸ್ಟರಿನಿಂದ ಎರಡಕ್ಕಿಳಿದರೆ ಒಬ್ಬರ ಕೆಲಸ ಹೋಯಿತು ಅಂತಲೇ ಲೆಕ್ಕ. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ನಾಗರಿಕತೆ, ವಿಮರ್ಶಾತ್ಮಕ ಚಿಂತನೆ ಅಂತಲೇ ಮಾತಾಡುತ್ತಾರೆ. ಮೇಜಿನ ಕೆಳಗೆ ಯಾವ ಕೋರ್ಸಿಗೆ ಎಷ್ಟು ಹುಡುಗರು ಸೇರಿದ್ದಾರೆ ಅನ್ನುವ ಹಾಳೆ ಇರುತ್ತದೆ. ನಮ್ಮ ವಿಭಾಗವೇನೂ ಕಮ್ಮಿಯಿಲ್ಲ. ಲ್ಯಾಬ್ ವಿಜ್ಞಾನ ಕಡ್ಡಾಯ ಇರುವುದರಿಂದಲೇ ನಮ್ಮ ಕೊಠಡಿಗಳು ತುಂಬಿವೆ. ಹಾಗಾಗಿ ಜೆನ್-ಎಡ್ ಪಟ್ಟಿಯನ್ನು ಯಾರಾದರೂ ತತ್ತ್ವದ ಮಾತಾಗಿ ಹೊಗಳಿದಾಗ ನನಗೆ ಸ್ವಲ್ಪ ನಗು ಬರುತ್ತದೆ. ಅದೊಂದು ಒಡಂಬಡಿಕೆ, ಎಲ್ಲರ ಹೊಟ್ಟೆಪಾಡೂ ಅದರಲ್ಲಿ ಸೇರಿದೆ.

ಇಷ್ಟು ಹೇಳಿಯೂ ನಾನು ಕಡ್ಡಾಯದ ಪರ. ಯಾಕೆ ಅನ್ನುವುದನ್ನು ಲ್ಯಾಬಿನೊಳಗೆ ಹೋಗಿಯೇ ಹೇಳಬೇಕು.

ಕೆಮಿಸ್ಟ್ರಿ ಬೇಡವಾದವರಿಗೆ ನಾನೊಂದು ಕೋರ್ಸು ಮಾಡುತ್ತೇನೆ, ನೀರಿನ ಬಗ್ಗೆ. ಇಂಥ ಕೋರ್ಸುಗಳಿಗೆ ಎಲ್ಲ ಕಡೆ ಅಡ್ಡಹೆಸರು ಇರುತ್ತದೆ. ಭೂವಿಜ್ಞಾನದವರದ್ದಕ್ಕೆ 'ರಾಕ್ಸ್ ಫಾರ್ ಜಾಕ್ಸ್', ಅಂದರೆ ಆಟದ ಕೋಟಾದಲ್ಲಿ ಬಂದವರಿಗೆ ಕಲ್ಲುಗಳ ಪಾಠ. ಭೌತಶಾಸ್ತ್ರದ್ದಕ್ಕೆ 'ಫಿಸಿಕ್ಸ್ ಫಾರ್ ಪೊಯೆಟ್ಸ್'. ನನ್ನದಕ್ಕೂ ಒಂದಿದೆ, ಇಲ್ಲಿ ಬೇಡ. ಮೂರನೇ ವಾರ ನೀರಿನ ಗಡಸುತನ ಅಳೆಯುತ್ತೇವೆ. ಕರ್ನಾಟಕದಲ್ಲಿ ವಿಜ್ಞಾನ ಓದಿದ ಬಹಳ ಮಂದಿಗೆ ಇದು ಗೊತ್ತಿರುತ್ತದೆ: ನಲ್ಲಿ ನೀರು 50 ಎಂ.ಎಲ್., ಅದಕ್ಕೆ ಅಮೋನಿಯಾ ಬಫರ್, ಒಂದು ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನುವ ಬಣ್ಣ. ನೀರು ವೈನ್ ಕೆಂಪಿಗೆ ತಿರುಗುತ್ತದೆ. ಬ್ಯೂರೆಟ್ಟು ಅನ್ನುವ ಅಳತೆಯ ಗಾಜಿನ ಕೊಳವೆಯಿಂದ ಇಡಿಟಿಎ ಅನ್ನುವ ರಾಸಾಯನಿಕದ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಹೀಗೆ ಹನಿ ಬಿಟ್ಟು ಅಳೆಯುವುದೇ ಟೈಟ್ರೇಶನ್. ಇಡಿಟಿಎ, ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಣ್ಣದ ಕೈಯಿಂದ ಕಿತ್ತುಕೊಳ್ಳುತ್ತದೆ. ಕೊನೆಯ ಕಣವೂ ಹೋದಾಗ ಬಣ್ಣ ಒಂಟಿಯಾಗಿ ನೀಲಿಗೆ ತಿರುಗುತ್ತದೆ. ನಮ್ಮ ಕಾಲೇಜಿರುವ ಊರಿನ ಕೆಳಗೆ ಪೂರಾ ಸುಣ್ಣದ ಕಲ್ಲು, ಹಾಗಾಗಿ ನೀರು ಬಲು ಗಡಸು. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಬಕೆಟ್ಟಿನಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಕಥೆ. ಅದರ ಫೋಟೋ ತೋರಿಸಿಯೇ ಪಾಠ ಶುರುಮಾಡುತ್ತೇನೆ.

ಒಬ್ಬಳು ನಾಟಕದ ಹುಡುಗಿ ಇದ್ದಳು. ರಂಗದ ಬೆಳಕಿನ ವಿನ್ಯಾಸ ಅವಳ ಆಸಕ್ತಿ. ಮೊದಲ ದಿನವೇ, ನನಗೆ ಲೆಕ್ಕ ತಲೆಗೆ ಹತ್ತಲ್ಲ, ಪಾಸು ಮಾಡಿಸಿಬಿಡಿ ಸಾಕು ಅಂದಿದ್ದಳು. ಇಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಮಕ್ಕಳನ್ನು ಗಣಿತಕ್ಕೆ ಬೇಗ ಓಡುವವರು, ನಿಧಾನ ನಡೆಯುವವರು ಅಂತ ಬೇರೆ ಮಾಡುವ ಪದ್ಧತಿ ಇದೆ. ಎಂಟನೇ ಕ್ಲಾಸಿನಲ್ಲಿ ನಿಧಾನದ ಸಾಲಿಗೆ ಬಿದ್ದವರಿಗೆ ವಿಜ್ಞಾನದ ಬಾಗಿಲು ಅಲ್ಲೇ ಅರ್ಧ ಮುಚ್ಚುತ್ತದೆ. ಅವಳು ಆ ಸಾಲಿನವಳು.

ಟೈಟ್ರೇಶನ್ ದಿನ ಮೊದಲ ಸಲ ಎಲ್ಲರ ಹಾಗೆ ಹೆಚ್ಚು ಬಿಟ್ಟುಬಿಟ್ಟಳು. ಎರಡನೆಯದಕ್ಕೆ ಕೂತವಳು ಬಗ್ಗಿ, ಕಣ್ಣನ್ನು ಫ್ಲಾಸ್ಕಿನ ಮಟ್ಟಕ್ಕೆ ತಂದು, ಪಕ್ಕದವಳಿಗೆ ಏನೋ ತೋರಿಸುತ್ತಿದ್ದಳು. ಹೋಗಿ ನೋಡಿದೆ. ಹನಿ ಬಿದ್ದ ಜಾಗದಲ್ಲಿ ಒಂದು ಕ್ಷಣ ನೀಲಿ ಕಾಣಿಸಿ, ಅಲ್ಲಾಡಿಸಿದರೆ ಮತ್ತೆ ಕೆಂಪಿನಲ್ಲಿ ಕರಗುತ್ತದೆ. ಆ ನೀಲಿ ನಿಲ್ಲುವ ಹೊತ್ತು ಹನಿಯಿಂದ ಹನಿಗೆ ಹೆಚ್ಚಾಗುತ್ತಿದೆ, ಅಂದರೆ ಕೊನೆ ಹತ್ತಿರ ಬಂತು, ಇನ್ನು ಅರ್ಧರ್ಧ ಹನಿ ಬಿಡಬೇಕು ಅನ್ನುವುದು ಅವಳ ಲೆಕ್ಕ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಮ್ಮ ಮೇಜರ್ ಹುಡುಗರಿಗೆ ಇದನ್ನು ಬೋರ್ಡಿನ ಮೇಲೆ ಬರೆದು ಹೇಳುತ್ತೇವೆ, ಅವರು ಬರೆದುಕೊಳ್ಳುತ್ತಾರೆ, ಬರೆದುಕೊಂಡ ಮೇಲೆ ನೋಡುವುದನ್ನು ಬಿಡುತ್ತಾರೆ. ಇವಳು ಬೆಳಕು ಬಣ್ಣ ಬದಲಿಸುವುದನ್ನು ರಂಗದ ಮೇಲೆ ಗಂಟೆಗಟ್ಟಲೆ ನೋಡಿ ರೂಢಿಯಾದವಳು. ಅವಳ ಮೂರು ಅಳತೆಗಳು ಒಂದಕ್ಕೊಂದು ಅಂಟಿಕೊಂಡಂತೆ ಬಂದವು. ಲ್ಯಾಬ್ ಪುಸ್ತಕದಲ್ಲಿ ವೈನ್ ಕೆಂಪು, ನೇರಳೆ, ನೀಲಿ ಅನ್ನುವ ಕಡೆ ಅವಳು ರಂಗದ ದೀಪಕ್ಕೆ ಹಾಕುವ ಬಣ್ಣದ ಹಾಳೆಗಳ ನಂಬರ್ ಬರೆದಿದ್ದಳು.

ಅವಳು ಆಮೇಲೆ ವಿಜ್ಞಾನಿಯಾಗಲಿಲ್ಲ. ನನ್ನ ಲ್ಯಾಬಿನ ಕಡೆ ಮತ್ತೆ ತಲೆಯನ್ನೂ ಹಾಕಲಿಲ್ಲ. ಇಂಥ ಕಥೆಗಳ ಕೊನೆಗೆ ಒಂದು ಪವಾಡ ಬಯಸುವವರಿಗೆ ನನ್ನ ಬಳಿ ಕೊಡಲು ಏನೂ ಇಲ್ಲ. ಅದೇ ತರಗತಿಯ ಅರ್ಧದಷ್ಟು ಹುಡುಗರು ಹಸಿರು ಟಿಕ್ಕಿಗಾಗಿ ಬಂದು, ಅದನ್ನು ತೆಗೆದುಕೊಂಡು ಹೋದವರು. ಆದರೆ ಅವಳ ಇಷ್ಟಕ್ಕೆ ಬಿಟ್ಟಿದ್ದರೆ ಅವಳು ಅಲ್ಲಿಗೆ ಬರುತ್ತಿರಲೇ ಇಲ್ಲ. ಹದಿನೆಂಟರ ವಯಸ್ಸಿನಲ್ಲಿ 'ನನ್ನ ಇಷ್ಟ' ಅಂತ ನಾವು ಹೇಳುವುದರಲ್ಲಿ ಬೇರೆಯವರು ನಮ್ಮ ಮೇಲೆ ಬರೆದದ್ದು ಬಹಳ ಇರುತ್ತದೆ. ಇವನಿಗೆ ಲೆಕ್ಕ ಬರಲ್ಲ, ಇವಳಿಗೆ ಚಿತ್ರ ಬರಲ್ಲ, ಇವನ ಅಕ್ಷರ ನೋಡು. ಇಷ್ಟವಿದ್ದವರಿಗಷ್ಟೇ ಬಾಗಿಲು ತೆರೆದರೆ ಆ ಬರಹವೇ ಕೊನೆಯ ಮಾತಾಗಿಬಿಡುತ್ತದೆ. ಕಡ್ಡಾಯದ ಒಂದು ಕೋರ್ಸು ಅದರ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಬಹುದು. ಎಲಿಯಟ್‌ನ ಸ್ವಾತಂತ್ರ್ಯ ನನಗೆ ಇಷ್ಟವೇ, ಆದರೆ ಅವನ ಹುಡುಗರು ಒಳ್ಳೆಯ ಶಾಲೆಗಳಲ್ಲಿ ಎಲ್ಲವನ್ನೂ ರುಚಿ ನೋಡಿ ಬಂದ ಅನುಕೂಲಸ್ಥರ ಮಕ್ಕಳು. ಸರ್ಕಾರಿ ಶಾಲೆಯ ನಿಧಾನದ ಸಾಲಿನಿಂದ ಬಂದವಳ ಆಯ್ಕೆಗೂ ಅವರ ಆಯ್ಕೆಗೂ ಒಂದೇ ತೂಕ ಹಾಕಲು ಬರುವುದಿಲ್ಲ.

ಇದು ಕೂಡ ಕೆಲಸ ಮಾಡುವುದು ಹದಿನಾರು ಜನರ ಲ್ಯಾಬಿನಲ್ಲಿ. ಇದೇ ಕೋರ್ಸನ್ನು ಮುನ್ನೂರು ಸೀಟಿನ ಹಾಲಿನಲ್ಲಿ, ಬಹು ಆಯ್ಕೆಯ ಪ್ರಶ್ನೆಪತ್ರಿಕೆ ಇಟ್ಟು, ಕೋರ್ಸಿಗಿಷ್ಟು ಅಂತ ಕೂಲಿ ಕೊಟ್ಟು ಕರೆತಂದ ಅರೆಕಾಲಿಕ ಮೇಷ್ಟ್ರ ಕೈಲಿ ಮಾಡಿಸಿದರೆ ನಾಟಕದ ಹುಡುಗಿ ಹಿಂದಿನ ಸಾಲಿನಲ್ಲಿ ಕೂತು ಫೋನು ನೋಡುತ್ತಾಳೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಬಹಳಷ್ಟು ಜೆನ್-ಎಡ್ ಹೀಗೇ ನಡೆಯುತ್ತದೆ. ಅಂಥ ಕಡೆ ದಾವಣಗೆರೆಯ ಆ ತಂದೆಯ ಮಾತಿಗೆ ನನ್ನ ಪೂರ್ತಿ ಬೆಂಬಲ.

ಇದನ್ನೆಲ್ಲ ಬರೆಯುವಾಗ ನಮ್ಮ ಕಡೆಯ ಲೆಕ್ಕವೂ ತಲೆಯಲ್ಲಿ ಓಡುತ್ತದೆ. ಪಿಯುಸಿಗೆ ಸೇರುವ ದಿನವೇ ನಮಗೆ ಪಿಸಿಎಂಬಿಯೋ ಕಾಮರ್ಸೋ ನಿಗದಿಯಾಗುತ್ತದೆ. ಭಾಷೆ ಎರಡು ಓದಬೇಕು, ಆದರೆ ಸಿಇಟಿ ರ‍್ಯಾಂಕಿಗೆ ಅದರ ಅಂಕ ಲೆಕ್ಕಕ್ಕಿಲ್ಲ, ಹಾಗಾಗಿ ಎಷ್ಟೋ ಕಡೆ ಭಾಷೆಯ ಪೀರಿಯಡ್ ಅಂದರೆ ಫಿಸಿಕ್ಸ್ ಹೋಮ್‌ವರ್ಕಿನ ಪೀರಿಯಡ್. ನಾನು ಬಿಎಸ್ಸಿ ಓದುವಾಗ ನಮಗೂ ಕನ್ನಡ ಕಡ್ಡಾಯವಾಗಿತ್ತು. ಪ್ರಾಕ್ಟಿಕಲ್ ಮುಗಿಸಿ, ಬೆರಳಿಗೆ ಪರ್ಮ್ಯಾಂಗನೇಟಿನ ಕಂದು ಕಲೆ ಹಚ್ಚಿಕೊಂಡು ಕೂತ ತೊಂಬತ್ತು ಹುಡುಗರ ಮುಂದೆ ಒಬ್ಬರು ಮೇಷ್ಟ್ರು ಷಟ್ಪದಿಯನ್ನು ರಾಗವಾಗಿ ಓದುತ್ತಿದ್ದರು. ಅರ್ಥ ಹೇಳುವ ಮುಂಚೆ ಎರಡು ಸಲ ಓದುತ್ತಿದ್ದರು. ಅದೇ ನನ್ನ ಜೆನ್-ಎಡ್. ಯಾರೂ ಅದಕ್ಕೆ ಆ ಹೆಸರು ಕೊಟ್ಟಿರಲಿಲ್ಲ, ಅದರ ಬಗ್ಗೆ ಬ್ರೋಷರೂ ಇರಲಿಲ್ಲ. ತೊಂಬತ್ತರಲ್ಲಿ ಕಿವಿಗೊಟ್ಟವರು ಹತ್ತು ಜನ ಇದ್ದೆವೇನೋ.

2021-22ರಲ್ಲಿ ಹೊಸ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿ ಮಾಡಿದ ರಾಜ್ಯ ನಮ್ಮದು. ನಾಲ್ಕು ವರ್ಷದ ಡಿಗ್ರಿ, ಬೇರೆ ವಿಭಾಗದಿಂದ ಆರಿಸಿಕೊಳ್ಳಬೇಕಾದ ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ. ಕಾಗದದ ಮೇಲೆ ನೋಡಿದರೆ ಲೊವೆಲ್‌ನ ಮೊಮ್ಮಗನೇ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯನೊಬ್ಬ ಆಗ ಫೋನಿನಲ್ಲಿ ಹೇಳಿದ್ದು ಇಷ್ಟು: 'ಹುಡುಗ್ರು ಆರಿಸ್ಕೊಳ್ಳೋದಲ್ಲಯ್ಯ, ಯಾವ ಮೇಷ್ಟ್ರಿಗೆ ವರ್ಕ್‌ಲೋಡ್ ಕಮ್ಮಿ ಬಿದ್ದಿದೆಯೋ ಅವರ ಪೇಪರ್ ಓಪನ್ ಎಲೆಕ್ಟಿವ್ ಆಗುತ್ತೆ.' ಸಂಪುಟ ವಿಸ್ತರಣೆ ಅಲ್ಲಿಯೂ ಇತ್ತು ಅಂತಾಯಿತು. 2024ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಹಿಡಿದು ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಹೋಯಿತು. ಅದು ಸರಿಯೋ ತಪ್ಪೋ ಎಂದು ಇಲ್ಲಿ ಕೂತು ತೀರ್ಪು ಕೊಡುವುದು ಸುಲಭ, ಕೊಡುವುದಿಲ್ಲ. ಮೂರು ವರ್ಷದಲ್ಲಿ ಒಂದು ಪಟ್ಟಿ ಬಂದು ಹೋಯಿತು. ಒಂದು ಕೋಣೆಯಲ್ಲಿ ಎಷ್ಟು ಕುರ್ಚಿ ಅನ್ನುವುದು ಮೊದಲೂ ಅಷ್ಟೇ, ಆಮೇಲೂ ಅಷ್ಟೇ.

ಆ ತಂದೆ ಹೊರಡುವಾಗ, ಮಡಕೆ ಕೋರ್ಸಿನಲ್ಲಿ ಮಗಳಿಗೆ ಎಷ್ಟು ಬರಬಹುದು ಅಂತ ಕೇಳಿದರು. ಇಲ್ಲಿನ ಕಾನೂನಿನ ಪ್ರಕಾರ ಮಕ್ಕಳ ಅಂಕವನ್ನು ಅವರ ಒಪ್ಪಿಗೆಯಿಲ್ಲದೆ ನಾವು ಪೋಷಕರಿಗೆ ಹೇಳುವ ಹಾಗಿಲ್ಲ. ಫೀಸು ಕಟ್ಟೋನು ನಾನು, ಅಂಕ ಹೇಳೋ ಹಾಗಿಲ್ವಾ ಅಂದರು. ಇಲ್ಲ ಸಾರ್ ಅಂದೆ. ಅವರಿಗೆ ಇಡೀ ಅಮೆರಿಕದ ಮೇಲೆ ಬೇಸರವಾಗಿದ್ದು ಆ ಮಾತಿಗೇ ಅಂತ ಕಾಣುತ್ತದೆ, ಸೆರಾಮಿಕ್ಸಿಗಲ್ಲ.

ಈ ವರ್ಷ ನಮ್ಮ ಪಟ್ಟಿ ಮತ್ತೆ ಚರ್ಚೆಗೆ ಬಂದಿದೆ, ಸ್ಪ್ರಿಂಗ್ ಸೆಮಿಸ್ಟರಿನಲ್ಲಿ ಮತದಾನ. ಎರಡು ವಿಜ್ಞಾನ ಕೋರ್ಸುಗಳ ಜಾಗದಲ್ಲಿ ಒಂದೇ ಸಾಕು, ಆದರೆ ಆ ಒಂದಕ್ಕೆ ಹದಿನಾರಕ್ಕಿಂತ ಹೆಚ್ಚು ಜನ ಇರಬಾರದು, ಕಾಯಂ ಮೇಷ್ಟ್ರೇ ಪಾಠ ಮಾಡಬೇಕು ಅನ್ನುವ ಪ್ರಸ್ತಾಪ ಬರೆದುಕೊಟ್ಟಿದ್ದೇನೆ. ಸಮಾಜಶಾಸ್ತ್ರದವರು ಬೆಂಬಲಿಸುತ್ತಾರೆ, ಅವರಿಗೊಂದು ಕೋರ್ಸಿನ ಜಾಗ ಸಿಗುತ್ತದೆ. ನನ್ನ ವಿಭಾಗದವರು ಮಾತ್ರ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಎರಡು ಒಂದಾದರೆ ಹೊಸ ನೇಮಕಾತಿಯೊಂದು ಕೈತಪ್ಪುತ್ತದೆ ಅನ್ನುವುದು ಅವರ ಲೆಕ್ಕ, ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ.